ಇಳಿಯುವವನ ಗುಟುಕು

ಗುಳಿಗೆ ಇನ್ನೂ ನಾಲಿಗೆಯ ಕೆಳಗೇ ಇತ್ತು. ಎದುರಿಗೆ ಬೊಮ್ಮಣ್ಣ ದಿನವೂ ನಿಲ್ಲುವ ಹಾಗೆ ಸೊಂಟಕ್ಕೆ ಕೈಕೊಟ್ಟು ನಿಂತು, 'ಬಾಯಿ ತೆಗಿ' ಅಂದ. ಪಾತಣ್ಣ ತೆರೆದ. ನಾಲಿಗೆ ಎತ್ತು ಅನ್ನಲಿಲ್ಲ ಬೊಮ್ಮಣ್ಣ, ಅಷ್ಟರಮಟ್ಟಿಗೆ ಮರ್ಯಾದೆ ಕೊಟ್ಟ. ಆಮೇಲೆ ತನ್ನ ಪಾಲಿನದನ್ನು ಪಾತಣ್ಣನ ಅಂಗೈಯಿಂದ ಎತ್ತಿ ಬಾಯಿಗೆ ಹಾಕಿಕೊಂಡು, ತಂಬಿಗೆ ನೀರನ್ನು ಗಟಗಟ ಕುಡಿದು, 'ಆತು, ಇವತ್ತಿನ ಪೂಜೆ ಮುಗೀತು' ಎಂದು ನಕ್ಕ. ಅಗ್ನಿಶಾಮಕ ಠಾಣೆಯ ಲೀಡಿಂಗ್ ಫೈರ್‌ಮನ್ ಅವನು. ಚಳ್ಳಕೆರೆಯ ಪೇಟೆಯಲ್ಲಿ ನಡೆದುಹೋದರೆ ಎಣ್ಣೆ ಮಿಲ್ಲಿನ ಸಾಹುಕಾರರೂ ಕರೆದು ಟೀ ಕುಡಿಸುವಂಥ ಮನುಷ್ಯ. ಪಾತಣ್ಣನೂ ಹಲ್ಲು ಕಿರಿದ. ಬಾಯಲ್ಲಿ ಗುಳಿಗೆ ಕರಗಲು ಶುರುವಾಗಿ ಸೀಮೆಸುಣ್ಣ ನೆಕ್ಕಿದಂತಾಗುತ್ತಿತ್ತು. ಮುಖ ತೊಳೆಯುವ ನೆಪ ಮಾಡಿ ನೀರಿನ ತೊಟ್ಟಿಯ ಹಿಂದಕ್ಕೆ ಹೋಗಿ ಉಗುಳಿದ. ನೆಲದ ಮೇಲೆ ಬಿದ್ದದ್ದನ್ನು ಬೂಟಿನಿಂದ ತಿಕ್ಕಿದ. ಇಷ್ಟೇ. ಇಷ್ಟಕ್ಕೆ ಎದೆ ಡವಗುಟ್ಟುವಂಥದ್ದು ಏನಿತ್ತು?

ಕುಡಿಯಬೇಕು ಅಂತಲ್ಲ. ದೇವರಾಣೆಗೂ ಅಲ್ಲ. ಬೊಮ್ಮಣ್ಣನಿಗೆ ಗೊತ್ತಿಲ್ಲದ ಒಂದು ಸಂಗತಿ ತನ್ನ ಹತ್ತಿರ ಇರಲಿ ಅಂತ, ಒಂದೇ ಒಂದು. ನಿನ್ನೆ ತಳಕಿನ ಶಾಲೆಯ ಅಂಗಳದಲ್ಲಿ ಕುಡಿತ ಬಿಡಿಸುವ ಶಿಬಿರದವರ ಸಭೆಯಿತ್ತು. ಬೊಮ್ಮಣ್ಣನಿಗೆ ಮೈಕು ಸಿಕ್ಕಿದರೆ ಕೇಳಬೇಕೆ, ಶಿಬಿರ ಮುಗಿಸಿ ಬಂದಾಗಿನಿಂದ ಅವನೇ ಅರ್ಧ ಡಾಕ್ಟರು. ತನ್ನ ಕಥೆಯನ್ನು ನಾಲ್ಕು ಮಾತಿನಲ್ಲಿ ಮುಗಿಸಿ, 'ನಂದೇನು ಬಿಡ್ರಿ, ಇಲ್ಲಿ ನೋಡ್ರಿ ಈ ನಮ್ಮ ಪಾತಣ್ಣನ್ನ, ಬಾರಲೇ ಮ್ಯಾಲೆ' ಎಂದು ಕೈಹಿಡಿದು ಎಳೆದು ನಿಲ್ಲಿಸಿದ್ದ. ಬಸ್‌ಸ್ಟ್ಯಾಂಡಿನ ಚರಂಡಿಯಲ್ಲಿ ಯೂನಿಫಾರಂ ಸಮೇತ ಬಿದ್ದಿದ್ದು, ಹೆಂಡತಿ ಗೀತಮ್ಮ ಬಂದು ತಲೆಯ ಮೇಲೆ ಕೊಡ ನೀರು ಸುರಿದದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ಜನ ನಕ್ಕರು. ಮುಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟರೊಬ್ಬರು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಕೊನೆಗೆ ಚಪ್ಪಾಳೆ ಹೊಡೆದು ಹಾರ ಹಾಕಿದರು. ಪಾತಣ್ಣನೂ ಕೈ ಮುಗಿದು ನಕ್ಕ. ರಾತ್ರಿ ಮಗಳು ಅದೇ ಹಾರವನ್ನು ಕೊರಳಿಗೆ ಹಾಕಿಕೊಂಡು ಮನೆತುಂಬ ಕುಣಿದಾಗ ಅವಳ ಕೈಯಿಂದ ಕಿತ್ತುಕೊಂಡು ಹಿತ್ತಲಿಗೆ ಎಸೆದಿದ್ದ. ಗೀತಮ್ಮ ಮಗಳನ್ನು ಒಳಗೆ ಕರೆದುಕೊಂಡಳು. ಅವಳು ಈಗ ಏನೂ ಅನ್ನುವುದಿಲ್ಲ. ಬೆಳಗ್ಗೆ ಅವನ ಬಾಯಿಯ ಹತ್ತಿರ ಮುಖ ತಂದು ಸುಮ್ಮನೆ ಒಂದು ಸಲ ಉಸಿರು ಎಳೆದುಕೊಳ್ಳುತ್ತಾಳೆ, ಆಮೇಲೆ ಒಲೆ ಹಚ್ಚುತ್ತಾಳೆ.

ಒಬ್ಬರಿಗೊಬ್ಬರು ಗುಳಿಗೆ ಕೊಟ್ಟುಕೊಳ್ಳುವ ಪದ್ಧತಿ ಶಿಬಿರದ ಡಾಕ್ಟರದು. ಹೆಂಡತಿ ಕೈಗೆ ಕೊಟ್ಟರೆ ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತೀರಿ, ಜೊತೆಗೆ ದುಡಿಯುವವನಿಗೆ ಸುಳ್ಳು ಹೇಳೋದು ಕಷ್ಟ ಅಂದಿದ್ದರು. ಈ ಗುಳಿಗೆ ಮೈಯಲ್ಲಿದ್ದಾಗ ಒಂದು ಗುಟುಕು ಹೆಂಡ ಬಿದ್ದರೂ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಗ್ರಹಚಾರ ಕೆಟ್ಟಿದ್ದರೆ ಜೀವವೇ ಹೋಗಬಹುದು. ಒಂದು ದಿನ ನುಂಗದಿದ್ದರೆ ಪಾರಾದೆವು ಅಂದುಕೊಳ್ಳಬೇಡಿ, ವಾರಗಟ್ಟಲೆ ರಕ್ತದಲ್ಲೇ ಕೂತಿರುತ್ತೆ ಎಂದೂ ಹೇಳಿದ್ದರು. ಆ ಕಡೆಯ ಮಾತನ್ನು ಮಾತ್ರ ಇಬ್ಬರೂ ನಂಬಿರಲಿಲ್ಲ. ತಲೆನೋವಿನ ಗುಳಿಗೆ ಮಧ್ಯಾಹ್ನಕ್ಕೆ ಇಳಿದುಹೋಗುತ್ತದೆ, ಜ್ವರದ್ದು ಸಂಜೆಗೆ ಇಳಿಯುತ್ತದೆ, ಇದೊಂದು ಯಾವ ಊರಿನ ಗುಳಿಗೆ? 'ಹೆದರಿಸಾಕೆ ಹೇಳ್ತಾರಲೇ, ಡಾಕ್ಟ್ರು ಅಂದ್ಮೇಲೆ ಹೆದರಿಸಬೇಕು' ಎಂದು ಬೊಮ್ಮಣ್ಣನೇ ಬಸ್ಸಿನಲ್ಲಿ ಬರುವಾಗ ನಕ್ಕಿದ್ದ. ಹಾಗಾಗಿ ಈ ಹೊತ್ತಿಗೆ, ಪಾತಣ್ಣನ ಲೆಕ್ಕದಲ್ಲಿ, ಅವನ ಮೈ ಅವನದೇ ಆಗಿತ್ತು. ಒಳಗೆ ಒಂದು ಥರದ ಹಗುರ, ಅದರ ಬೆನ್ನಿಗೇ ಒಂದು ಥರದ ನಾಚಿಕೆ. ನಾಳೆ ನುಂಗಿದರಾಯಿತು.

ಅಷ್ಟರಲ್ಲಿ ಒಳಗೆ ಫೋನು ರಿಂಗಾಯಿತು. ಬೊಮ್ಮಣ್ಣ ಎತ್ತಿದ. ಎಲ್ಲಿ, ಯಾವಾಗ, ಎಷ್ಟು ಆಳ ಎಂದು ಕೇಳುತ್ತಿದ್ದ. ಆಳ ಎಂಬ ಮಾತು ಕಿವಿಗೆ ಬಿದ್ದಾಗಲೇ ಪಾತಣ್ಣನಿಗೆ ಗೊತ್ತಾಯಿತು. ಬೆಂಕಿಗೆ ಯಾರೂ ಆಳ ಕೇಳುವುದಿಲ್ಲ. ಶಿಬಿರದಿಂದ ಬಂದ ಮೇಲೆ ಮೇವಿನ ಬಣವೆ, ಗುಡಿಸಲು, ಒಂದು ಹತ್ತಿ ಲಾರಿ, ಇವೇ ಬಂದಿದ್ದವು, ಬಾವಿ ಬಂದಿರಲಿಲ್ಲ. ಇದು ಮೊದಲನೆಯದು. ಫೋನು ಇಟ್ಟು ಹೊರಗೆ ಬಂದ ಬೊಮ್ಮಣ್ಣ, 'ದೇವಸಮುದ್ರದ ಕಡೆ. ಬಾವಿಗೆ ಬಿದ್ದು ಸತ್ತಾನಂತೆ. ಹೊಲದ ಬಾವಿ' ಎಂದು ಯಾರ ಮುಖವನ್ನೂ ನೋಡದೆ ಹೇಳಿದ. ಡ್ರೈವರ್ ಹುಲಿಯಪ್ಪ ಒರೆಸುತ್ತಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, 'ಪಾತಣ್ಣ ಅದಾನಲ್ಲ ಬಿಡ್ರಿ' ಅಂದ. ಇಷ್ಟು ವರ್ಷವೂ ಹೀಗೇ ಅಂದಿದ್ದರು. ಪಾತಣ್ಣ ಅದಾನಲ್ಲ. ಮೂರು ತಾಲ್ಲೂಕಿನಲ್ಲಿ ಹೆಣಕ್ಕಾಗಿ ಬಾವಿಗಿಳಿಯುವವನು ಅವನೊಬ್ಬನೇ ಎಂಬುದು ಠಾಣೆಗೆ ಒಂದು ಹೆಮ್ಮೆ, ಒಂದು ಅನುಕೂಲ.

ತಳಕು ದಾಟಿ ಇಂಜಿನ್ನು ಬಳ್ಳಾರಿ ರಸ್ತೆಯಲ್ಲಿ ಗಂಟೆ ಬಾರಿಸಿಕೊಂಡು ಓಡುತ್ತಿತ್ತು. ಆ ಗಂಟೆ ಯಾರಿಗಾಗಿ, ಸತ್ತವನಿಗೆ ಅವಸರವಿಲ್ಲ. ಕಿಟಕಿಯ ಪಕ್ಕ ಕೂತ ಪಾತಣ್ಣನ ಬೆರಳುಗಳು ತೊಡೆಯ ಮೇಲೆ ತಮ್ಮಷ್ಟಕ್ಕೆ ಕುಣಿಯುತ್ತಿದ್ದವು. ಅದುಮಿಕೊಂಡ. ಮೊದಲ ಸಲವೂ ಹೀಗೇ ಕುಣಿದಿದ್ದವು, ಕೆಲಸಕ್ಕೆ ಸೇರಿದ ಹೊಸತು, ಆಗ ಪಕ್ಕದಲ್ಲಿ ಕೂತಿದ್ದವನೂ ಇದೇ ಬೊಮ್ಮಣ್ಣ. ಒಬ್ಬ ಬಾಣಂತಿ ಬಿದ್ದ ಬಾವಿ. ಕೆಳಗೆ ನೋಡಿ ಅಲ್ಲೇ ಕುಕ್ಕರಿಸಿದ ಪಾತಣ್ಣನ ಕೈಗೆ ಸಾರಾಯಿ ಪಾಕೀಟು ತುರುಕಿ, 'ಒಂದು ಗುಟುಕು ಹಾಕ್ಕ. ಕಣ್ಣಿಗೆ ಕಂಡಿದ್ದು ಮನಸಿಗೆ ಇಳಿಯಲ್ಲ' ಅಂದಿದ್ದವನು ಇವನೇ. ಹಟ್ಟಿಯಲ್ಲಿ, ಹೆಂಡ ಇಳಿಸುವ ಮರದ್ದೆಂದು ಈಚಲು ಚಾಪೆಯ ಮೇಲೂ ಕೂರದ ಜನ ತಾವು, ಹೆಂಡದ ವಾಸನೆ ಬಂದವನನ್ನು ದೇವರ ಗುಡಿಯ ಬೇಲಿ ದಾಟಗೊಡದ ಜನ, ಎಂದು ಹೇಳುವಷ್ಟೂ ಉಸಿರು ಅವತ್ತು ಅವನಲ್ಲಿರಲಿಲ್ಲ. ಹಾಕಿಕೊಂಡ. ನಿಜ, ಇಳಿಯಲಿಲ್ಲ. ಅವತ್ತು ಇಳಿಯಲಿಲ್ಲ. ಮೂರು ದಿನ ಬಿಟ್ಟು ಮುದ್ದೆ ಮುರಿಯುವಾಗ ಇಳಿಯಿತು, ಅದನ್ನು ತಡೆಯಲು ಮತ್ತೊಂದು ಪಾಕೀಟು ಬೇಕಾಯಿತು. ಹಾಗೆ ಶುರುವಾದದ್ದು. ಅವ್ವ ಹಟ್ಟಿಯ ಹೊರಗೇ, ಜಾಲಿಯ ಗಿಡದ ಹತ್ತಿರ ಅವನಿಗೆ ಊಟ ತಂದುಕೊಡುತ್ತಿದ್ದಳು, ಕೆಳಗಿಟ್ಟು ದೂರ ಸರಿದು ನಿಲ್ಲುತ್ತಿದ್ದಳು. ಶಿಬಿರದಿಂದ ಬಂದ ಮೇಲೆ ಒಂದು ಸಲ ಒಳಗೆ ಕರೆದು ಬಡಿಸಿದಳು. ತಲೆ ಮುಟ್ಟಿದಳು. ಆ ಕೈ ಈಗ ನೆನಪಾಗುವುದು ಬೇಡವಾಗಿತ್ತು.

'ಮನಸು ಗಟ್ಟಿ ಮಾಡ್ಕ' ಅಂದ ಬೊಮ್ಮಣ್ಣ, ರಾಂಪುರ ಬಂದಾಗ.

'ಗಟ್ಟಿನೇ ಐತೆ.'

'ಸಾಹೇಬ್ರಿಗೆ ನಾನು ಮಾತು ಕೊಟ್ಟೀನಿ. ಇನ್ನೊಂದ್ಸಲ ವಾಸನೆ ಬಂತು ಅಂದ್ರೆ ಮನಿಗೇ ಅಂದಾರೆ. ನೆನಪೈತಲ್ಲ?'

ನೆನಪಿರದೆ ಏನು. ದಿನಕ್ಕೊಂದು ಸಲ ನೆನಪು ಮಾಡುವವನು ಪಕ್ಕದಲ್ಲೇ ಇರುವಾಗ. ಪಾತಣ್ಣ ಕಿಟಕಿಯ ಹೊರಗೆ ನೋಡಿದ. ಶೇಂಗಾ ಹೊಲದಲ್ಲಿ ಕುರಿ ಬಿಟ್ಟಿದ್ದರು. ಬೊಮ್ಮಣ್ಣ ಹೀಗೆ ಹೇಳುವುದು ಪ್ರೀತಿಗೋ, ತನ್ನ ಮಾತು ಉಳಿಸಿಕೊಳ್ಳುವುದಕ್ಕೋ? ಎರಡೂ ಇರಬಹುದು. ಹಗ್ಗ ಹಿಡಿಯುವವನು ಅವನು. ಇಷ್ಟು ವರ್ಷ ಪಾತಣ್ಣನ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಅವನ ಕೈಯಲ್ಲಿತ್ತು, ಒಮ್ಮೆಯೂ ಜಾರಿಲ್ಲ. ಒಮ್ಮೆಯೂ ಕೆಳಗೆ ಇಳಿದದ್ದೂ ಇಲ್ಲ.

ಬಂಡೆ ಒಡೆದು ತೋಡಿದ ಬಾವಿ, ಸುತ್ತ ಕಟ್ಟೆ ಇಲ್ಲ. ಜನ ಸುತ್ತ ನಿಂತಿದ್ದರು, ಇಂಜಿನ್ನು ಕಂಡು ದಾರಿಬಿಟ್ಟರು. ಒಬ್ಬ ಮುದುಕಿ 'ಪಾಪಂ, ಪಾಪಂ' ಎಂದು ತೆಲುಗಿನಲ್ಲಿ ತನ್ನಷ್ಟಕ್ಕೆ ಅನ್ನುತ್ತಿದ್ದಳು. ಹೊಲದ ಒಡೆಯ ಚಿಕ್ಕಬಸಪ್ಪ ಮುಂದೆ ಬಂದ, ಹಣೆಯ ವಿಭೂತಿ ಬೆವರಿಗೆ ಅರ್ಧ ತೊಳೆದುಹೋಗಿತ್ತು. ಬಿದ್ದವನು ಅವನ ತಮ್ಮ ಮಹಾಂತೇಶ. ಡೀಸೆಲ್ ಪಂಪು ನೀರೆತ್ತುತ್ತಿಲ್ಲ, ಪೈಪಿನ ತುದಿಗೆ ಕಸ ಸಿಕ್ಕಿದೆ ಎಂದು ಬೆಳಗ್ಗೆ ತಿಂಡಿಗೆ ಮೊದಲು ಇಳಿದವನು ಪಾಚಿಯ ಮೇಲೆ ಕಾಲಿಟ್ಟು ಜಾರಿದ್ದ. ಈಜು ಬರುತ್ತಿರಲಿಲ್ಲ. ಈಗ ನೀರಿನ ಮೇಲೆ ಏನೂ ಕಾಣುತ್ತಿರಲಿಲ್ಲ, ಕಪ್ಪಗೆ ಸುಮ್ಮನಿತ್ತು. ಹುಲಿಯಪ್ಪ ಲಾಟೀನು ಇಳಿಸಿ ನೋಡಿದ, ಆರಲಿಲ್ಲ, ಕೆಳಗೆ ಗಾಳಿ ಇದೆ. ಬೊಮ್ಮಣ್ಣ ಕಬ್ಬಿಣದ ಕೊಕ್ಕೆಯನ್ನು ಹಗ್ಗಕ್ಕೆ ಕಟ್ಟತೊಡಗಿದ. ಅವನು ಹಾಗೆ ಶುರುಮಾಡಿದ್ದು ತನಗಾಗಿ ಎಂದು ಪಾತಣ್ಣನಿಗೆ ಗೊತ್ತಾಗಿ ಒಂದು ಕ್ಷಣ ಕಣ್ಣು ತೇವವಾಯಿತು. ಕೊಕ್ಕೆಗೆ ಸಿಕ್ಕಿಬಿಟ್ಟರೆ ಯಾರೂ ಇಳಿಯಬೇಕಾಗಿಲ್ಲ.

'ಕೊಕ್ಕೆ ಹಾಕಬ್ಯಾಡ್ರಿ' ಅಂದ ಚಿಕ್ಕಬಸಪ್ಪ. 'ನನ್ನ ತಮ್ಮನ ಮೈ ಹರಿದು ಹೋಗ್ತೈತೆ. ಕೂರಿಸಿ ಪೂಜೆ ಮಾಡಬೇಕು ಅವಗೆ. ಮನುಷ್ಯರು ಇಳೀರಿ.'

'ಬರೀ ಬಟ್ಟೆಗೆ ಸಿಗಿಸ್ತೀವಿ ಯಜಮಾನ್ರೆ.'

'ಬ್ಯಾಡ ಅಂದೆ.'

ಆಮೇಲೆ ಆ ಮನುಷ್ಯ ಆಳಿಗೆ ಸನ್ನೆ ಮಾಡಿದ. ಪ್ಲಾಸ್ಟಿಕ್ ಚೀಲದಲ್ಲಿ ಸಾರಾಯಿ ಪಾಕೀಟುಗಳು ಬಂದವು. ಚಿಕ್ಕಬಸಪ್ಪ ಚೀಲದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೈಗೆ ತಾಗದಂತೆ ದೂರ ಚಾಚಿ, 'ನಾವು ಮುಟ್ಟೋರಲ್ಲ ಇದನ್ನ. ನಿಮಗೆ ಬೇಕಾಗ್ತೈತಲ್ಲ, ತರಿಸೀನಿ' ಅಂದ. ತಪ್ಪೇನೂ ಇಲ್ಲ, ಪದ್ಧತಿ ಹಾಗಿದೆ. ಬಾವಿಯಿಂದ ಹೆಣ ತೆಗೆಯುವವರಿಗೆ ಮನೆಯವರೇ ತಂದುಕೊಡಬೇಕು, ಹೇಳದೆಯೇ ತಂದುಕೊಡುತ್ತಾರೆ. ಇಳಿಯುವವನು ಮೊದಲ ಗುಟುಕು ಕುಡಿದು ಅದೇ ಪಾಕೀಟನ್ನು ಹಗ್ಗ ಹಿಡಿಯುವವನಿಗೆ ಕೊಡಬೇಕು. ಅವನು ಅದರಲ್ಲಿ ಉಳಿದದ್ದನ್ನು ಕುಡಿಯಬೇಕು. ನನ್ನ ಜೀವ ನಿನ್ನ ಕೈಯಲ್ಲಿದೆ, ಗೊತ್ತಾಯಿತು ಅಂತ ಅದರ ಅರ್ಥ. ಕುಡಿಯದೆ ಇಳಿದವನನ್ನು ಹೆಣ ಹಿಡಿದುಕೊಳ್ಳುತ್ತದೆ ಎಂದು ಊರಿನವರು ಅನ್ನುತ್ತಿದ್ದರು. ಠಾಣೆಯವರು ನಗುತ್ತಿದ್ದರು, ಕುಡಿಯುತ್ತಿದ್ದರು. ಈಗ ಸುತ್ತ ನಿಂತವರೆಲ್ಲ ಪಾತಣ್ಣನನ್ನೇ ನೋಡುತ್ತಿದ್ದರು, ಅವನು ಬೇಗ ಬೇಗ ಕುಡಿದು ಇಳಿದರೆ ಸಾಕು ಎಂಬಂತೆ.

ಪಾತಣ್ಣ ಬೊಮ್ಮಣ್ಣನ ಕಡೆ ತಿರುಗಿದ. ಹೇಳಲಿ. ಇವನು ಬಿಟ್ಟಾನೆ, ನಾನೂ ಬಿಟ್ಟೀನಿ, ತಗಂಡು ಹೋಗ್ರಿ ಅಂತ ಒಂದು ಮಾತು ಹೇಳಲಿ. ಶಾಲೆಯ ಅಂಗಳದಲ್ಲಿ ಅಷ್ಟು ಮಾತಾಡಿದವನಿಗೆ ಇಲ್ಲಿ ಒಂದು ಮಾತು ಏನು ಭಾರ? ಅಂದುಬಿಟ್ಟರೆ ಹಲ್ಲು ಕಚ್ಚಿ ಬರಿಗಂಟಲಲ್ಲೇ ಇಳಿಯುತ್ತೇನೆ. ಬೊಮ್ಮಣ್ಣ ಹಗ್ಗದ ಗಂಟನ್ನು ನೋಡುತ್ತಿದ್ದ. ಬಿಗಿಯಾಗಿದ್ದ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು. ತಲೆ ಎತ್ತಲಿಲ್ಲ. ಆಗ ಪಾತಣ್ಣನಿಗೆ ಸಿಟ್ಟು ಬಂತು. ಬಾಯಲ್ಲಿ ನೀರೂ ಬಂತು. ಯಾವುದು ಮೊದಲು ಬಂತೋ ಹೇಳಲಾಗದು. ಕೈ ಚೀಲದೊಳಗೆ ಹೋಗಿ ಪಾಕೀಟು ಹಿಡಿದದ್ದು, ಹಲ್ಲಿನಲ್ಲಿ ಮೂಲೆ ಕಚ್ಚಿ ಹರಿದದ್ದು, ಎಲ್ಲ ಹಳೆಯ ಅಭ್ಯಾಸದ ಮೇಲೆ ತಾನಾಗಿ ಆಯಿತು. ಗುಟುಕು ಗಂಟಲು ಸುಟ್ಟುಕೊಂಡು ಇಳಿಯಿತು. ಅಯ್ಯೋ, ಎಷ್ಟು ಚೆನ್ನಾಗಿತ್ತು. ಇನ್ನೊಂದು ಗುಟುಕು. ಆಮೇಲೆ ಪಾಕೀಟನ್ನು ಚಾಚಿದ. ಬೊಮ್ಮಣ್ಣ ತೆಗೆದುಕೊಂಡು, 'ನೆಲದ ತಾಯಿಗೆ' ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಮಣ್ಣಿಗೆ ಹೊಯ್ದ. ಮುಖ ಎತ್ತಿ ಪಾತಣ್ಣನನ್ನು ಆಗಲೂ ನೋಡಲಿಲ್ಲ. ಬೆಳಗ್ಗೆ ಗುಳಿಗೆ ನುಂಗಿದವನು ಅವನು, ಪಾಪ.

ಇಳಿಯುವಾಗ ಮೈ ಸರಾಗವಾಗಿತ್ತು. ಬಂಡೆಯ ಸಂದುಗಳಿಗೆ ಕಾಲುಗಳು ತಾವೇ ಹೋಗಿ ಕೂರುತ್ತಿದ್ದವು. ಕೆಳಗೆ ನೀರಿನ ತಣ್ಣನೆ ವಾಸನೆ, ಡೀಸೆಲ್ಲಿನ ಜಿಡ್ಡು. ಒಂದು ಮುಳುಗು ಹಾಕಿದ. ಪೈಪಿನ ಗುಂಟ ಕೆಳಗೆ ಹೋದಾಗ ಕೈಗೆ ಬಟ್ಟೆ ಸಿಕ್ಕಿತು, ಆಮೇಲೆ ತೋಳು. ಪೈಪಿಗೂ ಗೋಡೆಗೂ ನಡುವೆ ಹೆಗಲು ಸಿಕ್ಕಿಕೊಂಡಿತ್ತು, ಎಡಕ್ಕೆ ಹೊರಳಿಸಿ ತೆಗೆಯಬೇಕು. ಉಸಿರಿಗೆ ಮೇಲೆ ಬಂದ. ಬಂದಾಗ ಕಿವಿಗಳು ಉರಿಯುತ್ತಿದ್ದವು. ಸಾರಾಯಿ ಏರಿತು ಅಂದುಕೊಂಡ, ಬಹಳ ದಿನದ ಮೇಲೆ ಅಲ್ಲವೇ. ಮತ್ತೆ ಮುಳುಗಿದ. ಈ ಸಲ ಅರ್ಧಕ್ಕೇ ಎದೆ ಒಳಗಿನಿಂದ ಗುದ್ದಿತು, ಒದ್ದಾಡಿ ಮೇಲೆ ಬಂದ. ಕತ್ತು, ಮುಖ, ಕಣ್ಣಿನ ಗುಡ್ಡೆ ಎಲ್ಲ ಮೆಣಸಿನಕಾಯಿ ಅರೆದು ಹಚ್ಚಿದಂತೆ. ತಣ್ಣೀರಿನಲ್ಲಿ ಕುತ್ತಿಗೆಯವರೆಗೆ ಇದ್ದವನಿಗೆ ಬೆಂಕಿ ಬಿದ್ದ ಮನೆಯೊಳಗೆ ನಿಂತಂತಾಯಿತು. ಪೈಪನ್ನು ತಬ್ಬಿಕೊಂಡ. ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದು ನೀರಿನ ಮೇಲೆ ಹೋಯಿತು. ಆಗ ಡಾಕ್ಟರ ಮಾತು, ನಂಬದೆ ಬಿಟ್ಟಿದ್ದ ಆ ಒಂದೇ ಮಾತು, ಇಲ್ಲೇ ಕಿವಿಯ ಹತ್ತಿರ ಯಾರೋ ಹೇಳಿದಷ್ಟು ಸ್ಪಷ್ಟವಾಗಿ ಬಂತು. ಉಗುಳಿದ್ದು ಇವತ್ತಿನದನ್ನು ಮಾತ್ರ. ನಿನ್ನೆಯದು, ಮೊನ್ನೆಯದು, ಎಲ್ಲ ಒಳಗೇ ಕೂತಿದ್ದವು.

ಮೇಲೆ ಆಕಾಶದ ಒಂದು ತುಂಡು, ಸುತ್ತ ತಲೆಗಳು. ಎಲ್ಲ ತಲೆಗಳೂ ಇವನನ್ನೇ ನೋಡುತ್ತಿವೆ. ಎಳೀರಿ ಅಂತ ಕೂಗಿದರೆ ಮುಗಿಯಿತು. ಯಾಕೆ ಅನ್ನುತ್ತಾರೆ, ಮುಖ ನೋಡುತ್ತಾರೆ, ಬೊಮ್ಮಣ್ಣನಿಗೆ ಗೊತ್ತಾಗುತ್ತದೆ, ಸಾಹೇಬರಿಗೆ ಗೊತ್ತಾಗುತ್ತದೆ, ನೌಕರಿ ಹೋಗುತ್ತದೆ. ಗೀತಮ್ಮ ನಾಳೆ ಬೆಳಗ್ಗೆ ಮುಖದ ಹತ್ತಿರ ಬಂದು ಉಸಿರು ಎಳೆದುಕೊಂಡಾಗ ಏನು ಮಾಡುವುದು? ಕೂಗದಿದ್ದರೆ? ಇನ್ನೊಂದು ಸ್ವಲ್ಪ ಹೊತ್ತು ಹಿಡಿದುಕೊಂಡರೆ ಇಳಿದುಹೋಗಬಹುದು, ಎಲ್ಲ ಇಳಿದುಹೋಗುತ್ತದೆ. ಕೈಬಿಟ್ಟರೂ ಒಂದು ರೀತಿಯಲ್ಲಿ ಒಳ್ಳೆಯದೇ. ಡ್ಯೂಟಿಯಲ್ಲಿ ಸತ್ತ, ಹೆಣ ತೆಗೆಯಲು ಹೋಗಿ ಸತ್ತ ಅನ್ನುತ್ತಾರೆ, ಮತ್ತೊಂದು ಹಾರ ಹಾಕುತ್ತಾರೆ. ಇಷ್ಟೆಲ್ಲ ಯೋಚಿಸುತ್ತಿದ್ದಾಗ ಕಾಲಿಗೆ ಏನೋ ಮೃದುವಾಗಿ ತಾಗಿತು. ಮಹಾಂತೇಶನ ಕೈಯಿರಬೇಕು, ನೀರಿನ ಅಲುಗಾಟಕ್ಕೆ ಬಂದು ಹೋಯಿತು. ಪಾತಣ್ಣನಿಗೆ ಹೆದರಿಕೆಯಾಯಿತು, ಬದುಕಿನಲ್ಲಿ ಎಂದೂ ಆಗದಷ್ಟು. ಇವನ ಪಕ್ಕದಲ್ಲಿ ಹೀಗೆ ಇರುವುದು ಬೇಡ.

'ಎಳಿ' ಎಂದು ಕೂಗಿದ. ಸ್ವರ ಬರಲಿಲ್ಲ. ಮತ್ತೆ ಕೂಗಿದ. 'ಎಳಿ ಅಣ್ಣಾ.'

'ಸಿಕ್ಕನೇನಲೇ?' ಮೇಲಿನಿಂದ ಬೊಮ್ಮಣ್ಣ.

'ಇಲ್ಲ. ನನ್ನ ಎಳಿ. ಆಗವಲ್ದು ನನ್ ಕೈಲಿ.'

ಮೇಲೆ ಬಂದು ಬಿದ್ದಾಗ ಮಣ್ಣು ಬೆಚ್ಚಗಿತ್ತು. ಬೊಮ್ಮಣ್ಣ ಮಂಡಿಯೂರಿ ಅವನ ಮುಖ ತಿರುಗಿಸಿದ, ನೋಡಿದ, ಕೈಯ ನಾಡಿ ಹಿಡಿದ. ಹುಲಿಯಪ್ಪ ನೀರು ತರಲು ಓಡಿದ. ಜನರಲ್ಲಿ ಯಾರೋ, 'ಏರೈತೆ ಬಿಡ್ರಿ, ಖಾಲಿ ಹೊಟ್ಟೆಗೆ ಹಾಕ್ಯಾನೆ' ಅಂದರು, ಇನ್ನೊಬ್ಬರು ನಕ್ಕರು.

'ಉಗುಳಿದ್ಯಲ್ಲೋ' ಎಂದು ಬೊಮ್ಮಣ್ಣ ಪಿಸುಗುಟ್ಟಿದ. 'ಬೆಳಗ್ಗೆ ಉಗುಳಿದ್ಯಲ್ಲೋ ನೀನು. ಮತ್ಯಾಕೆ ಹಿಂಗಾತು?'

ಪಾತಣ್ಣ ಕಣ್ಣುಬಿಟ್ಟ. 'ನೋಡಿದ್ಯಾ?'

ಬೊಮ್ಮಣ್ಣ ನಾಡಿಯ ಮೇಲಿದ್ದ ಬೆರಳು ತೆಗೆದ.

'ನೋಡಿ ಸುಮ್ಮನಿದ್ಯಾ?'

'ಒಂದಿನ ತಾನೆ ಅಂದ್ಕಂಡೆ. ನೀನು ನಿನ್ನೆ ಬ್ಯಾಸರ ಮಾಡ್ಕಂಡಿದ್ದಿ, ಗೊತ್ತಿತ್ತು ನನಗೆ.' ಬೊಮ್ಮಣ್ಣ ಜನರ ಕಡೆ ಒಮ್ಮೆ ನೋಡಿ ದನಿ ಇನ್ನೂ ತಗ್ಗಿಸಿದ. 'ಆಮೇಲೆ ಬಾವಿ ಅಂತ ಫೋನು ಬಂತಲ್ಲ. ಆವಾಗ, ಸದ್ಯ ಉಗುಳ್ಯಾನೆ ಅನ್ನಿಸ್ತು. ಕುಡೀದೆ ನೀನು ಹೆಂಗಿಳೀತಿ? ನೀನಿಳೀದೆ ಇದ್ರೆ ಯಾರಿಳೀತಾರೆ?'

ಹಾಗಾದರೆ ಬೆಳಗಿನಿಂದ ತನ್ನೊಬ್ಬನದೇ ಅಂದುಕೊಂಡು ಬಚ್ಚಿಟ್ಟುಕೊಂಡದ್ದು ಇಬ್ಬರದೂ ಆಗಿತ್ತು. ಪಾತಣ್ಣನಿಗೆ ಬಯ್ಯಬೇಕೆನಿಸಿತು, ಅಳಬೇಕೆನಿಸಿತು. ವಾಂತಿ ಬಂತು. ಪಕ್ಕಕ್ಕೆ ಹೊರಳಿ ಅದನ್ನೇ ಮಾಡಿದ. ಬೊಮ್ಮಣ್ಣನ ಕೈ ಬೆನ್ನ ಮೇಲಿತ್ತು, ತೆಗೆ ಎಂದು ಹೇಳುವ ಶಕ್ತಿಯಿರಲಿಲ್ಲ, ಅದೂ ಅಲ್ಲದೆ ಆ ಕೈ ಅಲ್ಲಿರುವುದು ಬೇಕಾಗಿತ್ತು.

ಚಿಕ್ಕಬಸಪ್ಪ ಬಂದು ನಿಂತ. 'ಇನ್ನೊಬ್ರು ಯಾರಾನ ಇಳೀರಿ ಸಾಹೇಬ್ರೆ. ಹೊತ್ತು ಮುಳುಗೋದ್ರೊಳಗೆ ಮಣ್ಣು ಆಗಬೇಕು. ನಮ್ಮವ್ವ ಬೆಳಗ್ಗಿಂದ ಬಾಯಿಗೆ ನೀರು ಬಿಟ್ಟಿಲ್ಲ.' ಸ್ವರ ಒಡೆದಿತ್ತು. ಚೀಲವನ್ನು ಈ ಸಲ ಬೊಮ್ಮಣ್ಣನ ಕಡೆ ಚಾಚಿದ. 'ಬೇಕಾದ್ರೆ ಇನ್ನೂ ತರಿಸ್ತೀನಿ.'

ಹುಲಿಯಪ್ಪ ನೀರು ತಂದವನು ಎರಡು ಹೆಜ್ಜೆ ಹಿಂದೆ ಸರಿದ. ಅವನಿಗೆ ಈಜು ಬಾರದು. ಬೊಮ್ಮಣ್ಣ ಚೀಲವನ್ನು ಮೊಣಕೈಯಿಂದ ಆಚೆ ತಳ್ಳಿ, ಬಾವಿಯ ಕಡೆ ನೋಡಿ, ಅಂಗಿಯ ಗುಂಡಿ ಬಿಚ್ಚತೊಡಗಿದ. 'ಇವನ್ನ ಮೊದ್ಲು ಮೊಳಕಾಲ್ಮೂರು ಆಸ್ಪತ್ರಿಗೆ ಒಯ್ಯಬೇಕು ಹುಲಿಯಪ್ಪ' ಅಂದ, ಅದರಿಂದ ಇಳಿಯುವುದು ತಪ್ಪೀತೇನೋ ಎಂಬಂತೆ.

'ಸಾಯಲ್ಲ ನಾನು' ಅಂದ ಪಾತಣ್ಣ. 'ಇಳಿ. ಎಲ್ಲಿದಾನೆ ಹೇಳ್ತೀನಿ.'

ಬೊಮ್ಮಣ್ಣನ ಸೊಂಟಕ್ಕೆ ಹಗ್ಗ ಬಿತ್ತು. ಹಿಡಿಯಲು ಹುಲಿಯಪ್ಪ ಮತ್ತು ಊರಿನ ಗಟ್ಟಿ ಆಳುಗಳು ನಿಂತರು. ಪಾತಣ್ಣ ಬಾವಿಯ ಅಂಚಿಗೆ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ, ಕೆಳಗೆ ಮುಖ ಚಾಚಿ ಮಲಗಿ, ಒಂದು ಕೈ ಹಗ್ಗದ ಮೇಲೆ ಇಟ್ಟ. ಎಡಗಾಲು ಕೆಳಗೆ, ಅಲ್ಲಿ ಪಾಚಿ ಐತೆ, ಬ್ಯಾಡ, ಬಲಕ್ಕೆ ಬಾ. ಮೇಲಿನಿಂದ ನೋಡಿದರೆ ಬಾವಿಯೇ ಬೇರೆ. ಬೊಮ್ಮಣ್ಣನ ನೆತ್ತಿಯ ಬೋಳು, ಹೆದರಿ ಬಂಡೆಗೆ ಅಂಟಿಕೊಂಡ ದಪ್ಪ ಬೆರಳುಗಳು. ಇಷ್ಟು ವರ್ಷ ಇವನು ಹೀಗೆ ನಿಂತು ನನ್ನನ್ನು ನೋಡುತ್ತಿದ್ದನೇ? ಹಗ್ಗ ಪಾತಣ್ಣನ ಅಂಗೈಯಲ್ಲಿ ಸಣ್ಣಗೆ ನಡುಗುತ್ತಿತ್ತು. ಕೆಳಗಿನವನ ನಡುಕವೋ, ತನ್ನದೋ, ತಿಳಿಯಲಿಲ್ಲ. ತಲೆಯೊಳಗೆ ಇನ್ನೂ ಗುದ್ದುತ್ತಿತ್ತು, ಆದರೂ ಮಾತು ತಪ್ಪಬಾರದು. ತಪ್ಪಿದರೆ ಕೆಳಗಿರುವವನು ಹೋಗುತ್ತಾನೆ. 'ಪೈಪ್ ಬಿಡಬ್ಯಾಡ. ಅದರ ಗುಂಟನೇ ಹೋಗು. ಹೆಗಲು ಸಿಕ್ಕಂಡೈತೆ, ಎಡಕ್ಕೆ ಹೊಳ್ಳಿಸು. ಮುಖ ನ್ವಾಡಬ್ಯಾಡಣ್ಣ, ಕಣ್ಮುಚ್ಕ.'

ಬೊಮ್ಮಣ್ಣ ಮುಳುಗಿದ. ನೀರು ಮುಚ್ಚಿಕೊಂಡಿತು. ಹಗ್ಗ ಸಡಿಲಾಯಿತು, ಎಷ್ಟೋ ಹೊತ್ತು ಹಾಗೇ ಇತ್ತು. ಪಾತಣ್ಣ ಉಸಿರು ಬಿಗಿಹಿಡಿದಿದ್ದ. ನಾನು ಕುಡಿಯದಿದ್ದರೆ ಇವನು ಇಲ್ಲಿ ಇಳಿಯುತ್ತಿರಲಿಲ್ಲ. ಇವನು ಒಂದು ಮಾತು ಹೇಳಿದ್ದರೆ ನಾನು ಕುಡಿಯುತ್ತಿರಲಿಲ್ಲ. ಇದರಲ್ಲಿ ಯಾರದೆಷ್ಟು ಎಂದು ಹಂಚುವುದಕ್ಕೆ ಈಗ ಪುರುಸೊತ್ತಿಲ್ಲ. ಮೇಲೆ ಬಾ. ಮೇಲೆ ಬಾರಲೇ ಬೊಮ್ಮಣ್ಣ. ಹಿರಿಯನಿಗೆ ಲೇ ಅಂದದ್ದು ಅವನಿಗೇ ತಿಳಿಯಲಿಲ್ಲ. ನೀರು ಒಡೆದು ತಲೆ ಬಂತು, ಅದರ ಪಕ್ಕ ಇನ್ನೊಂದು ತಲೆ. ಊರಿನವರೆಲ್ಲ ಒಟ್ಟಿಗೆ ಉಸಿರುಬಿಟ್ಟರು. ಬೊಮ್ಮಣ್ಣ ಕಣ್ಣು ಮುಚ್ಚಿರಲಿಲ್ಲ.

ಎಳೆದು ತಂದಾಗ ಹೆಣದ ಮುಖ ಬೊಮ್ಮಣ್ಣನ ಕೊರಳಿಗೆ ಒರಗಿತ್ತು, ಎರಡು ಕೈಗಳೂ ಅವನ ಹೆಗಲ ಮೇಲಿಂದ ಎದೆಗೆ ಇಳಿಬಿದ್ದಿದ್ದವು. ಬಿಡಿಸಿಕೊಳ್ಳಲು ಇಬ್ಬರು ಬೇಕಾದರು. ಚಿಕ್ಕಬಸಪ್ಪ ತಮ್ಮನ ಮೇಲೆ ಬಿದ್ದು ಹೊರಳಾಡಿದ. ಹೆಂಗಸರ ಅಳು ಒಮ್ಮೆಲೇ ಎದ್ದಿತು. ಬೊಮ್ಮಣ್ಣ ಯಾರನ್ನೂ ನೋಡದೆ ನಾಲ್ಕು ಹೆಜ್ಜೆ ಆಚೆ ಹೋಗಿ ಕೂತ. ಅಂಗೈಯಿಂದ ಕೊರಳನ್ನು ಉಜ್ಜಿಕೊಳ್ಳುತ್ತಿದ್ದ, ಅದೇ ಜಾಗವನ್ನು, ಚರ್ಮ ಕೆಂಪಾಗುವವರೆಗೆ. ಹಲ್ಲುಗಳು ಕಟಕಟ ಅನ್ನುತ್ತಿದ್ದವು. ಪಾತಣ್ಣ ತೆವಳಿಕೊಂಡು ಹತ್ತಿರ ಹೋದ. ಈ ಕೊರಳು ಉಜ್ಜುವುದು ಅವನಿಗೆ ಗೊತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಏನಾಗುತ್ತದೆ, ಮೂರು ದಿನ ಬಿಟ್ಟು ಏನಾಗುತ್ತದೆ, ಎಲ್ಲ ಗೊತ್ತಿತ್ತು.

ಬೊಮ್ಮಣ್ಣನ ಕಣ್ಣು ಮಣ್ಣಿನ ಮೇಲೆ ಬಿದ್ದಿದ್ದ ಚೀಲದ ಮೇಲೆ ನಿಂತಿತ್ತು. ಅಳುವ ಗಲಾಟೆಯಲ್ಲಿ ಚಿಕ್ಕಬಸಪ್ಪ ಅದನ್ನು ಅಲ್ಲೇ ಬಿಟ್ಟಿದ್ದ. ಕೈ ಚಾಚಿದ.

'ಬ್ಯಾಡ' ಅಂದ ಪಾತಣ್ಣ.

'ಒಂದು ಗುಟುಕು.'

'ಗುಳಿಗೆ ನುಂಗೀಯಾ ನೀನು. ಸಾಯ್ತೀಯಾ.'

'ಸತ್ರೆ ಸಾಯ್ತೀನಿ. ಅವನ ಬಾಯಿ ನನ್ ಕೊರಳಿಗೆ ತಾಗ್ತಲೇ. ತಣ್ಣಗೈತಲೇ ಇನ್ನೂ.' ಬೊಮ್ಮಣ್ಣ ಮಗುವಿನ ಹಾಗೆ ಅಂದ. 'ಒಂದೇ ಗುಟುಕಲೇ.'

ಪಾಕೀಟು ಆಗಲೇ ಅವನ ಕೈಯಲ್ಲಿತ್ತು, ಮೂಲೆ ಹಲ್ಲಿನ ಹತ್ತಿರ ಹೋಗಿತ್ತು. ಪಾತಣ್ಣ ಎರಡೂ ಕೈಯಿಂದ ಆ ಮಣಿಕಟ್ಟನ್ನು ಹಿಡಿದ. ಹಿಡಿಯುವಷ್ಟು ಬಲ ಎಲ್ಲಿತ್ತೋ.

'ಬಿಡಲೇ. ಯಾರ ಕೈ ಹಿಡ್ದೀಯಾ ಗೊತ್ತೈತಾ? ನೀನು ಕುಡೀಬೌದು, ನಾನು ಕುಡೀಬಾರದಾ? ಬಿಡು ಅಂದೆ.'

'ಬಿಡಲ್ಲ.'

ಬೊಮ್ಮಣ್ಣ ಇನ್ನೊಂದು ಕೈಯಿಂದ ಅವನ ಕೆನ್ನೆಗೆ ಹೊಡೆದ. ಉರಿಯುತ್ತಿದ್ದ ಕೆನ್ನೆ, ಕಣ್ಣಲ್ಲಿ ನೀರು ಬಂತು. ಜನ ತಿರುಗಿ ನೋಡಿದರು. 'ಥೂ ಇವರ' ಎಂದು ಯಾರೋ ಅಂದರು, 'ಹೆಣ ಇನ್ನೂ ನೆಲದ ಮ್ಯಾಲೈತೆ, ಇವು ಪಾಕೀಟಿಗೆ ಕಿತ್ತಾಡ್ತವೆ.' ಚಿಕ್ಕಬಸಪ್ಪನೂ ತಮ್ಮನ ಎದೆಯಿಂದ ತಲೆ ಎತ್ತಿ ನೋಡಿದ, ಅಸಹ್ಯದಿಂದ ಮುಖ ತಿರುಗಿಸಿದ. ಎರಡನೆಯ ಏಟು ಕಿವಿಯ ಮೇಲೆ ಬಿತ್ತು. ಮಣಿಕಟ್ಟು ಅವನ ಬೆರಳುಗಳ ನಡುವೆ ಒದ್ದಾಡುತ್ತಿತ್ತು, ನೀರಿಗೂ ಬೆವರಿಗೂ ಜಾರುತ್ತಿತ್ತು. ಪಾತಣ್ಣ ಕಣ್ಣು ಮುಚ್ಚಿಕೊಂಡು ಇನ್ನೂ ಬಿಗಿಯಾಗಿ ಹಿಡಿದ. ಬೊಮ್ಮಣ್ಣ ಮತ್ತೆ ಕೈ ಎತ್ತಿದ.